ಬೆಂಕಿಯಿಲ್ಲದೆ ಕುದಿಯುವ ಹೊಂಡ

ಇನ್ನೂ ಬೆಳಕು ಹರಿದಿಲ್ಲ. ಬೀದರ ನಗರದ ಹಳೆಯ ಮಿಷನ್ ಬಂಗಲೆಯೊಂದರ ಹಿತ್ತಲಲ್ಲಿ ಸಖುಬಾಯಿ ಸುಟ್ಟ ಸುಣ್ಣದ ಕಲ್ಲುಗಳ ಮೇಲೆ ಕೊಡದಿಂದ ನೀರು ಸುರಿಯುತ್ತಾರೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಹೊಂಡದೊಳಗೆ ಒಂದು ಕಲ್ಲು ತಾನಾಗಿಯೇ ಮಗ್ಗುಲು ಬದಲಿಸುತ್ತದೆ, ಬಿರಿಯುತ್ತದೆ, ನರಳಿದಂತೆ ಸಣ್ಣ ದನಿ ಹೊರಡಿಸುತ್ತದೆ. ನೋಡನೋಡುತ್ತ ಇಡೀ ಹೊಂಡ ಗೊಳಗೊಳ ಕುದಿಯತೊಡಗುತ್ತದೆ. ಕೆಳಗೆ ಒಂದು ಕಿಡಿ ಬೆಂಕಿಯಿಲ್ಲ. ಬಿಳಿ ಹಬೆ ಎದ್ದು ಸಖುಬಾಯಿಯ ಮುಖವೇ ಕಾಣದಾಗುತ್ತದೆ.

ಹಬೆಯ ಆಚೆಯಿಂದ ಗಂಡಸಿನ ದನಿ: "ಸಖು, ಬಲಗಡಿ ಮೂಲಿ ಇನ್ನಾ ಸುಮ್ಕ ಅದ. ಅಲ್ಲಿ ಹಾಕು."

ಅವರು ಆಕೆಯ ಗಂಡ ಹಣಮಂತಪ್ಪ. ಮದುವೆಯ ಹೊಸತರಲ್ಲಿ ಔರಾದ ತಾಲ್ಲೂಕಿನ ಸಂತಪುರದಲ್ಲಿ ಇಂಥದೇ ಹೊಂಡದಿಂದ ಸಿಡಿದ ಸುಣ್ಣ ಅವರ ಎರಡೂ ಕಣ್ಣು ತಿಂದಿತು. ಅಂದಿನಿಂದ ಆಕೆ ನೀರು ಹಾಕುತ್ತಾರೆ, ಅವರು ಅಂಚಿನಲ್ಲಿ ಕೂತು ಆಲಿಸುತ್ತಾರೆ. "ಹೊಂಡ ಗದ್ದಲಾ ಮಾಡಿದ್ರ ನನಗ ಅಂಜಿಕಿಲ್ರಿ. ಸುಮ್ಕಾದ್ರ ಅಂಜಿಕಿ" ಎನ್ನುತ್ತಾರೆ ಹಣಮಂತಪ್ಪ.

ಈಗ ದಂಪತಿ ಇರುವುದು ಅಷ್ಟೂರಿನಲ್ಲಿ. ಸಿಮೆಂಟಿನ ಕಾಲದಲ್ಲಿ ಸುಣ್ಣ ಅರಳಿಸುವವರನ್ನು ಕೇಳುವವರು ಕಡಿಮೆ. ಹಳೆಯ ಮನೆ, ಬಾವಿ ದುರಸ್ತಿಗೆ ಮಾತ್ರ ಕರೆ ಬರುತ್ತದೆ. ಕೆಲಸವಿದ್ದ ದಿನ ನಾಲ್ಕು ಚೀಲ ಕಲ್ಲು, ಅದಕ್ಕೆ ನಲವತ್ತು ಕೊಡ ನೀರು. ಅರಳಿದ ಸುಣ್ಣ ಬೆಣ್ಣೆಯಂತಾಗಲು ವಾರಗಟ್ಟಲೆ ಮಾಗಬೇಕು.

ಬಂಗಲೆಯ ಒಡತಿ ರೆಬೆಕ್ಕಾ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. "ಬೆಲ್ಲ ನೀರಾಗ ಕರಗಿದ್ರ ಆರಿಸಿ ಹೊಳ್ಳಿ ತಗೀಬಹುದು, ಅದು ಭೌತಿಕ ಬದಲಾವಣಿ. ಇದು ರಾಸಾಯನಿಕ. ಸುಟ್ಟ ಸುಣ್ಣ ನೀರಿನ ಜೋಡಿ ಕೂಡಿ ಬ್ಯಾರೆ ವಸ್ತುನ ಆಗ್ತದ. ಶಾಖ ಆ ಕೂಡೂದ್ರಿಂದ ಹುಟ್ಟತದ."

ಸಖುಬಾಯಿ ತಲೆಯಾಡಿಸುತ್ತಾರೆ. "ಟೀಚರ್ ಹೇಳೂದು ಖರೇ ಅದರಿ. ಆದ್ರ ನಸುಕಿನಾಗ ಒಬ್ಬಾಕಿನ ನಿಂತ್ರ, ಒಳಗ ಯಾರೋ ಎದ್ದು ಕೂಡ್ಲಿಕತ್ತಾರ ಅನಸ್ತದ."

ಹೋದ ವರ್ಷ ಭಾಲ್ಕಿಯ ಹಳೆಯ ವಾಡೆಯೊಂದರಲ್ಲಿ ಅದು ಬರೀ ಅನಿಸಿಕೆಯಾಗಿ ಉಳಿಯಲಿಲ್ಲ. ಹೊಂಡ ತಣ್ಣಗಾಗಿ ಎರಡು ದಿನವಾಗಿತ್ತು. ಮೇಲೆ ಬಿಳಿ ಕೆನೆ ಗಟ್ಟಿಯಾಗಿ, ಅಂಗಳದ ಕಲ್ಲುಹಾಸಿನಂತೆ ಕಾಣುತ್ತಿತ್ತು. ಮಸುಕು ಬೆಳಕಿನಲ್ಲಿ ಹಣಮಂತಪ್ಪ ಥಟ್ಟನೆ ಕೈಯೆತ್ತಿದರು: "ಯಾರೂ ಅಲುಗಾಡಬ್ಯಾಡ್ರಿ. ಕೆಳಗ ಉಸುರು ಕೇಳಸ್ತದ."

ಗೋಡೆಗೆ ಗಾರೆ ಬಳಿಯುವ, ಅಂದರೆ ಗಿಲಾಯಿ ಮಾಡುವ ದಿಲೀಪ ಅಷ್ಟರಲ್ಲಿ ಅದರ ಮೇಲೆ ಕಾಲಿಟ್ಟಾಗಿತ್ತು. ಕೆನೆ ಸದ್ದಿಲ್ಲದೆ ಬಾಯಿ ತೆರೆಯಿತು. ಅತಿಯಾಗಿ ಸುಟ್ಟ ಕೆಲವು ಕಲ್ಲುಗಳು ತಡವಾಗಿ ನೀರು ಕುಡಿದು ತಳದಲ್ಲಿ ಆಗಷ್ಟೇ ಅರಳುತ್ತಿದ್ದವು. ಮೊಣಕಾಲಿನವರೆಗೆ ಹೂತ ಆತನ ಕಾಲನ್ನು ಸಖುಬಾಯಿ ಸೆರಗು ಸೊಂಟಕ್ಕೆ ಬಿಗಿದು ಹೊರಗೆಳೆದರು. "ನೀರ್ ಹಾಕಬ್ಯಾಡಕ್ಕಾ, ಮತ್ತ ಕುದಿತದ!" ಎಂದು ಆತ ಚೀರುತ್ತಿದ್ದ. ಆಕೆ ಕೇಳಲಿಲ್ಲ. ಆಸ್ಪತ್ರೆಗೆ ಒಯ್ಯುವ ಗಾಡಿ ಬರುವವರೆಗೆ ಕೊಡದ ಮೇಲೆ ಕೊಡ ಸುರಿದು ತೊಳೆದರು. ಕಾಲು ಉಳಿಯಿತು. ಚರ್ಮ ಮಾತ್ರ ಮೊದಲಿನಂತಾಗಲಿಲ್ಲ.

ಆಮೇಲೆ ಸಖುಬಾಯಿ ಕೊಡ ಬೋರಲು ಹಾಕಿದರು. ಮನೆಯಲ್ಲಿ ಅನ್ನ ಕುದಿಯುವ ಸದ್ದು ಕೇಳಿದರೂ ಎದ್ದು ಹೊರಗೆ ಹೋಗುತ್ತಿದ್ದರು. ತಿಂಗಳುಗಳ ಮೇಲೆ ಬಾಗಿಲಿಗೆ ಬಂದವನು ದಿಲೀಪನೇ, ಕುಂಟುತ್ತ. "ಅಕ್ಕಾ, ನೀ ಅರಳಸಲಿಲ್ಲಂದ್ರ ನಾ ಗೋಡಿಗಿ ಏನ್ ಹಚ್ಚಲಿ?" ತನ್ನ ಕಾಲು ಸುಟ್ಟ ಆ ಸುಣ್ಣ ಮಾಗಿದ ಮೇಲೆ ಅದನ್ನೇ ವಾಡೆಯ ಗೋಡೆಗೆ ಬಳಿದು ಬಂದಿದ್ದ. ಮರುದಿನ ಆಕೆ ಕೊಡ ಎತ್ತಿಕೊಂಡರು.

ಈಗ ಹಿತ್ತಲಿಗೆ ಬಿಸಿಲು ಬಂದಿದೆ. ಏನಾದರೂ ಆಸೆ ಇದೆಯೇ ಎಂದರೆ ಸಖುಬಾಯಿ ಬಿರಿದ ಅಂಗೈ ಒರೆಸಿಕೊಳ್ಳುತ್ತಾರೆ.

"ಗೋಡಿ ಮ್ಯಾಲ ಸುಣ್ಣ ಗಾಳಿ ಕುಡ್ದು ಹೊಳ್ಳಿ ಕಲ್ಲಾಗ್ತದಂತ್ರಿ, ಟೀಚರ್ ಹೇಳ್ಯಾರ. ಭಾಲ್ಕಿಗಿ ನಾ ಮತ್ತ ಹೋಗೇ ಇಲ್ಲ. ಒಮ್ಮಿ ಆ ಗೋಡಿ ಮ್ಯಾಲ ಕೈ ಇಟ್ಟು ನೋಡ್ಬೇಕು. ತಣ್ಣಗಿದ್ರ ಸಾಕ್ರಿ."