ಗಿಡುಗನ ಹಿಂದೆ ಹೊರಟ ಕಾಲು

ಶಹಾಬಾದಿನ ಹಳೆಯ ಕಲ್ಲುಗಣಿಯ ದಂಡೆಯಲ್ಲಿ, ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳು ದುರ್ಬೀನಿಗೆ ಕಣ್ಣು ಹಚ್ಚಿ, ಹಾರುವ ಗಿಡುಗನನ್ನು ನೋಡುತ್ತ ಮುಂದೆ ಮುಂದೆ ಹೋಗುತ್ತಿದ್ದಳು. ಇನ್ನೆರಡು ಹೆಜ್ಜೆಗೆ ನೆಲ ಮುಗಿಯುತ್ತಿತ್ತು. ಕೆಳಗೆ ನೀರು ತುಂಬಿದ ಆಳದ ಗುಂಡಿ. ಕೂಗಿದರೆ ಬೆಚ್ಚಿ ಬೀಳುತ್ತಾಳೆಂದು ಬಾಯಿ ಮುಚ್ಚಿಕೊಂಡೆ. ಚಪ್ಪಲಿ ಬಿಟ್ಟು ಹಿಂದಿನಿಂದ ಹೋಗಿ ಜಡೆ ಹಿಡಿದು ಎಳೆದೆ. ಇಬ್ಬರೂ ಕಲ್ಲಿನ ಮೇಲೆ ಬಿದ್ದೆವು.

“ಯಾಕ ಜಗ್ಗಿದಿ ಆಯಿ? ಎಷ್ಟ್ ಚಂದ ಕಾಣ್ಲಿಕತ್ತಿತ್ತು,” ಎಂದು ಸಿಟ್ಟಾದಳು.

“ಮೊದಲ ಮುಂದ ನೋಡು, ಆಮ್ಯಾಗ ಬೈಯಿ.”

ನೋಡಿದಳು. ಬಹಳ ಹೊತ್ತು ನನ್ನ ಸೆರಗು ಬಿಡಲಿಲ್ಲ.

ಹಕ್ಕಿ ನೋಡುವುದನ್ನು ಅವಳು ಬಿಟ್ಟಿಲ್ಲ, ಬಿಡು ಎಂದು ನಾನೂ ಹೇಳಿಲ್ಲ. ಈಗಲೂ ಜೊತೆಗೆ ಹೋಗುತ್ತೇನೆ. ಅವಳು ಆಕಾಶ ನೋಡುತ್ತಾಳೆ, ನಾನು ಅವಳ ಕಾಲು ನೋಡುತ್ತೇನೆ. ಗಿಡುಗ ಯಾವ ಬಣ್ಣದ್ದೆಂದು ನನಗೆ ಇನ್ನೂ ಗೊತ್ತಿಲ್ಲ.