ಬೇವಿನಡಿಯ ಕಂಬಳಿ, ಸಮಿತಿಯ ಕಾರಂಜಿ

ಕಳೆದ ವಾರ ಬಾಗಿಲ ಸಂದಿಯಿಂದ ಒಂದು ಕಾಗದ ಒಳಗೆ ಜಾರಿತು. ನುಣುಪಾದ, ಹಸಿರು ಅಂಚಿನ, ಮಸಿಯ ವಾಸನೆ ಇನ್ನೂ ಆರದ ಕಾಗದ. ನಮ್ಮ ಮನೆಯ ಹಿಂದಿನ ಬಾಗನ್ನು, ಅಂದರೆ ಉದ್ಯಾನವನ್ನು, ಜನರ ಅಭಿಪ್ರಾಯ ಕೇಳಿ ಸುಧಾರಿಸುತ್ತಾರಂತೆ. ಬೆಂಚು ಬೇಕೇ, ದೀಪ ಬೇಕೇ, ಓಡುವ ದಾರಿ ಬೇಕೇ ಎಂದು ಮರಾಠಿಯಲ್ಲಿ ಕೇಳಿ, ಪ್ರತಿಯೊಂದರ ಮುಂದೆ ಗುರುತು ಹಾಕಲು ಒಂದು ಚೌಕ ಬರೆದಿದ್ದಾರೆ. ಬೇಡ ಎನ್ನುವವನಿಗೆ ಚೌಕವಿಲ್ಲ. ಇಂಥ ಕಾಗದ ಕಂಡರೆ ನನ್ನ ಕಣ್ಣು ಮೊದಲು ಹುಡುಕುವುದು ತಾರೀಖನ್ನು. ಇದು ನನ್ನ ವೃತ್ತಿಯ ರೋಗ, ನಿವೃತ್ತಿಯಿಂದ ವಾಸಿಯಾಗಿಲ್ಲ. ಹುಡುಕಿದೆ. ಅಭಿಪ್ರಾಯ ತಲುಪಿಸಬೇಕಾದ ಕೊನೆಯ ದಿನ, ಕಾಗದ ನನ್ನ ಮನೆ ತಲುಪುವ ಎರಡು ದಿನ ಮೊದಲೇ ಮುಗಿದಿತ್ತು. ಜನಾಭಿಪ್ರಾಯದಿಂದ ಇಷ್ಟು ಅಚ್ಚುಕಟ್ಟಾಗಿ ತಪ್ಪಿಸಿಕೊಳ್ಳುವ ಕಲೆ ಒಂದೇ ದಿನದಲ್ಲಿ ಬರುವುದಿಲ್ಲ. ಅದಕ್ಕೊಂದು ಪರಂಪರೆ ಬೇಕು. ಆ ಪರಂಪರೆಯ ಆರಂಭಕ್ಕೆ, ಇದೇ ಬಾಗಿನ ಮಟ್ಟಿಗಾದರೂ, ನಾನು ಪ್ರತ್ಯಕ್ಷ ಸಾಕ್ಷಿ. ಬರಿಯ ಸಾಕ್ಷಿಯಾಗಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವಿರಲಿಲ್ಲ.

ಅದು ಯಾವ ವರ್ಷ? ತುರ್ತು ಪರಿಸ್ಥಿತಿ ಮುಗಿದ ಮೇಲಿನ ಎರಡನೆಯ ಬೇಸಿಗೆ ಎಂದು ನನ್ನ ನೆನಪು, ಅಂದರೆ ಎಪ್ಪತ್ತೆಂಟು. ಆದರೆ ಗಡಹಿಂಗ್ಲಜದಿಂದ ನನ್ನ ತಂಗಿ "ಅಣ್ಣಾ, ಕುರಿ ಕಾಯುವವರ ಪರ ವಕೀಲಿ ಮಾಡಾಕತ್ತೀಯಂತ" ಎಂದು ಹಾಸ್ಯ ಮಾಡಿ ಬರೆದ ಪತ್ರದ ಮೇಲೆ ಅಂಚೆಯ ಮುದ್ರೆ ಎಪ್ಪತ್ತೊಂಬತ್ತರದು. ಸುದ್ದಿ ಅವಳಿಗೆ ತಡವಾಗಿ ಮುಟ್ಟಿರಬೇಕು. ನನ್ನ ಟಿಪ್ಪಣಿ ಪುಸ್ತಕ ಎಪ್ಪತ್ತೆಂಟನ್ನೇ ಹೇಳುತ್ತದೆ, ಪುಸ್ತಕವನ್ನೇ ನಂಬೋಣ. ಇಷ್ಟು ಹೊತ್ತು ನಿಮ್ಮನ್ನು ಒಂದು ವರ್ಷದ ವ್ಯತ್ಯಾಸಕ್ಕಾಗಿ ನಿಲ್ಲಿಸಿಕೊಂಡದ್ದಕ್ಕೆ ಕ್ಷಮೆಯಿರಲಿ. ಈ ಚಟ ಎಷ್ಟು ದುಬಾರಿಯಾಯಿತು ಎಂಬುದೇ ಮುಂದಿನ ಕಥೆ.

ಆಗ ನಾನು ಇಚಲಕರಂಜಿಯ ಶಹಾಪುರದಲ್ಲಿ, ಎರಡು ಮಗ್ಗದ ಶೆಡ್ಡುಗಳ ನಡುವಿನ ಬಾಡಿಗೆ ಕೋಣೆಯಲ್ಲಿದ್ದೆ. ಸಂಸ್ಥಾನ ಕಾಲದ ಜಮೀನಿನ ಕಾಗದಗಳನ್ನು ಓದುವುದು ನನ್ನ ಕೆಲಸ. ಮಗ್ಗಗಳ ಖಟಖಟ ಶಬ್ದ ಅಸಹನೀಯವಾದಾಗ ಹಿಂದಿನ ಬಯಲಿಗೆ ಹೋಗಿ ಬೇವಿನ ಮರದ ಕೆಳಗೆ ಕೂತು ಓದುತ್ತಿದ್ದೆ. ಬಯಲಿನಲ್ಲಿ ಒಂದು ಬಾವಿ, ಪಕ್ಕದಲ್ಲಿ ದನಕರುಗಳಿಗೆ ನೀರು ತುಂಬುವ ಕಲ್ಲಿನ ಡೋಣಿ ಇದ್ದವು. ವರ್ಷಕ್ಕೊಮ್ಮೆ, ಬೇಸಿಗೆಯ ಕೊನೆಗೆ, ಸುಳಕೂಡದ ಸಿದ್ದಪ್ಪ ತನ್ನ ಕುರಿಹಿಂಡಿನೊಡನೆ ಅಲ್ಲಿಗೆ ಬರುತ್ತಿದ್ದ. ಕುರುಂದವಾಡದ ಕಡೆಯ ಹೊಲಗಳಲ್ಲಿ ಮೇಯಿಸಿಕೊಂಡು ಊರಿಗೆ ಮರಳುವ ದಾರಿಯಲ್ಲಿ ಇಲ್ಲಿ ಎರಡು ದಿನ ತಂಗಿ, ಕುರಿಗಳ ಮೈ ತೊಳೆದು, ಉಣ್ಣೆ ಕತ್ತರಿಸಿ ಮುಂದೆ ಹೋಗುವುದು ಅವನ ಅಪ್ಪನ ಕಾಲದ ರೂಢಿ. ತೊಳೆಯದ ಉಣ್ಣೆಯನ್ನು ಕಂಬಳಿ ನೇಯುವವರು ಕೈಯಿಂದ ಮುಟ್ಟುವುದಿಲ್ಲ; ಆದ್ದರಿಂದ ಆ ಬಾವಿಯೆಂದರೆ ಅವನಿಗೆ ಇಡೀ ವರ್ಷದ ದುಡಿಮೆ.

ಆಗ ನಮ್ಮ ಭಾಗದಲ್ಲಿ ಉದ್ಯಾನಗಳ ಉದ್ಧಾರಕ್ಕೆಂದು ಒಂದು ಸಮಿತಿ ಹುಟ್ಟಿಕೊಂಡಿತ್ತು. ಅದರ ಸದಸ್ಯರು ಪ್ರತಿ ಮಳೆಗಾಲ ಒಂದೇ ಗುಂಡಿಯಲ್ಲಿ ಹೊಸ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಳೆಯ ಸಸಿ ಎಲ್ಲಿ ಹೋಯಿತೆಂದು ಗುಂಡಿಯೂ ಕೇಳುತ್ತಿರಲಿಲ್ಲ. ಬಯಲಿಗೆ ಬೇಲಿ ಹಾಕಿ ಬಾಗು ಮಾಡುವುದೆಂದೂ, ಬಾವಿಯ ಮೇಲೆ ಕಾರಂಜಿ ಕಟ್ಟುವುದೆಂದೂ, ಆಕ್ಷೇಪಣೆ ಇದ್ದವರು ಸುನಾವಣಿಗೆ, ಅಂದರೆ ವಿಚಾರಣೆಗೆ, ಬಂದು ಹೇಳಬೇಕೆಂದೂ ಒಂದು ಮರಾಠಿ ನೋಟೀಸನ್ನು ಆ ಬೇವಿನ ಕಾಂಡಕ್ಕೇ ಮೊಳೆ ಹೊಡೆದು ಜಡಿದರು.

ಸಿದ್ದಪ್ಪನಿಗೆ ಅವನ ದಾಯಾದಿಯೊಬ್ಬ ಸುದ್ದಿ ಮುಟ್ಟಿಸಿದ. ಹಿಂಡನ್ನು ಹಿಂದೆ ಬಿಟ್ಟು ಸಿದ್ದಪ್ಪ ಒಬ್ಬನೇ ನಡೆದು ಬಂದು ನನ್ನ ಮುಂದೆ ನಿಂತ. "ಮಾಸ್ತರ್ರ, ಅದರಾಗ ಏನ ಬರದಾರ ಓದಿ ಹೇಳ್ರಿ. ನಿಮಗ ಸುಳ್ಳ ಕಾಗದ ಖರೇ ಕಾಗದ ಎಲ್ಲಾ ತಿಳಿತೈತಿ ಅಂತಾರ."

ಹೊಗಳಿಕೆ ನೆತ್ತಿಗೇರಿತು. ಓದಿದೆ, ಓದಿದ ಕೂಡಲೇ ಒಂದು ದೋಷ ಕಣ್ಣಿಗೆ ಬಿತ್ತು. ವಾರ ಸೋಮವಾರವೆಂದಿತ್ತು, ತಾರೀಖು ಮಂಗಳವಾರದ್ದು. ನನಗಾದ ಆನಂದವನ್ನು ಏನೆಂದು ಹೇಳಲಿ! ಪಂಚಾಂಗ ನೋಡಿದೆ, ಗೋಡೆಯ ಕ್ಯಾಲೆಂಡರ್ ನೋಡಿದೆ, ಕೊಲ್ಲಾಪುರದ ಗೆಳೆಯನಿಗೆ ಕಾರ್ಡು ಬರೆದೆ. ಸಮಿತಿಯ ಕಚೇರಿಗೆ ಎರಡು ಸಲ ಹೋಗಿ ಅಲ್ಲಿನ ಕಾರಕೂನನ ಕೈಯಿಂದ "ಮಂಗಳವಾರ" ಎಂದು ತಿದ್ದಿಸಿಯೇ ಬಂದೆ. ಬಂದು ಗೆದ್ದವನಂತೆ ಹೇಳಿದೆ: "ಕಾಕಾ, ಸೋಮವಾರ ಅಲ್ಲ. ಮಂಗಳವಾರ, ಮುಂಜಾನೆ ಹತ್ತಕ್ಕ. ಮರೀಬ್ಯಾಡ್ರಿ."

"ಮಂಗಳವಾರ. ಆತ್ರಿ," ಎಂದ ಸಿದ್ದಪ್ಪ. ಆಮೇಲೆ ಕೇಳಿದ: "ಅವರು ಖರೇನ ಬರ್ತಾರ್ರಿ?"

"ಎಲ್ಲಾರೂ ಬರ್ತಾರ," ಎಂದೆ.

ಆ ಮಂಗಳವಾರ ನಾನು ಹತ್ತಕ್ಕೆ ಐದು ನಿಮಿಷ ಮೊದಲೇ ಸಮಿತಿಯ ಸಭಾಗೃಹದಲ್ಲಿದ್ದೆ. ಮೂವರು ಸದಸ್ಯರು ಚಹಾದಲ್ಲಿ ಖಾರಿ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದರು. ಹತ್ತೂವರೆಯಾಯಿತು. ಹನ್ನೊಂದಾಯಿತು. ಅಧ್ಯಕ್ಷರು ಮೀಸೆಯ ಮೇಲಿನ ಪುಡಿ ಒರೆಸಿಕೊಂಡು ಕಾರಕೂನನಿಗೆ, "ಕೋಣೀ ಆಲಂ ನಾಹೀ, ಲಿಹಾ" ಎಂದರು. ಯಾರೂ ಬಂದಿಲ್ಲ, ಬರೆದುಕೊಳ್ಳಿ. ನಾನೆದ್ದು, ಬರುವವರಿದ್ದಾರೆ, ಆಕ್ಷೇಪಣೆ ಇದೆ ಎಂದೆ. ಅವರು ನನ್ನನ್ನು ಕನ್ನಡಕದಿಂದ ಚಪ್ಪಲಿಯವರೆಗೆ ನೋಡಿ ಕೇಳಿದರು: "ತುಮಚೀ ಮೇಂಢರಂ ಆಹೇತ ಕಾ?" ನಿಮಗೆ ಕುರಿಗಳಿವೆಯೇ? ನನ್ನ ಬಳಿ ಕುರಿಗಳಿರಲಿಲ್ಲ. ಕುರಿಯಿಲ್ಲದವನ ಮಾತನ್ನು ಬರೆದುಕೊಳ್ಳುವ ಅವಕಾಶ ರಜಿಸ್ಟರಿನಲ್ಲಿರಲಿಲ್ಲವಂತೆ.

ಸಿಟ್ಟಿನಿಂದ ಬಯಲಿನ ಕಡೆಗೆ ಓಡಿದೆ. ಸಿಟ್ಟು ಸಿದ್ದಪ್ಪನ ಮೇಲೆ, ಇಷ್ಟು ಹೇಳಿದರೂ ದಿನ ಮರೆತನಲ್ಲ ಎಂದು.

ಬೇವಿನ ಕೆಳಗೆ ಕರಿ ಕಂಬಳಿ ಹಾಸಿತ್ತು. ಅದರ ಒಂದು ಅಂಚಿನಾಚೆ ಸಿದ್ದಪ್ಪ, ಅವನ ಹೆಂಡತಿ ಯಲ್ಲವ್ವ, ಮೂವರು ದಾಯಾದಿಗಳು ಬರಿ ನೆಲದ ಮೇಲೆ ಕೂತಿದ್ದರು. ಕಂಬಳಿಯ ಮೇಲೆ ಯಾರೂ ಇರಲಿಲ್ಲ. ನಡುವೆ ಒಂದು ತಂಬಿಗೆ ನೀರು, ಎಲೆ ಅಡಿಕೆ. ಅತ್ತ ಕುರಿಗಳು ಡೋಣಿಗೆ ಮುತ್ತಿದ್ದವು. ಹೇಳಿದ ದಿನ ತಪ್ಪಬಾರದೆಂದು ಅರ್ಧ ಮೇವು ಬಿಟ್ಟು ಹಿಂಡನ್ನು ಹೊಡೆದುಕೊಂಡು ಬಂದಿದ್ದರು.

"ಏಳಕ್ಕ ಕಂಬಳಿ ಹಾಸೇವ್ರಿ," ಎಂದ ಸಿದ್ದಪ್ಪ. "ನಿಮ್ಮ ಸರಕಾರ ಇನ್ನೂ ಮಕ್ಕೊಂಡೈತೇನ್ರಿ?"

ಆಗ ಹೊಳೆಯಿತು. ನೋಟೀಸಿನ ಕೊನೆಯ ಸಾಲಿನಲ್ಲಿ ಸುನಾವಣಿಯ ಸ್ಥಳ ಬರೆದಿತ್ತು. ಸಭಾಗೃಹ ನನಗೆ ಗೊತ್ತಿತ್ತು. ಆದ್ದರಿಂದ ಆ ಸಾಲನ್ನು ಓದಿ ಹೇಳುವ ಗೋಜಿಗೇ ಹೋಗಿರಲಿಲ್ಲ. ಅವರಾದರೋ, ಬಯಲಿನ ಮಾತನ್ನು ಬಯಲಿನಲ್ಲಲ್ಲದೆ ಬೇರೆಲ್ಲಿ ಆಡುತ್ತಾರೆ ಎಂದು ಕೇಳುವ ಅಗತ್ಯವನ್ನೇ ಕಂಡಿರಲಿಲ್ಲ.

ಸುನಾವಣಿ ಸಭಾಗೃಹದಲ್ಲಿತ್ತೆಂದು ಹೇಳಿದೆ. ಕೂಡಲೇ ಏಳಿ, ಸಭಾಗೃಹಕ್ಕೆ ಹೋಗೋಣ ಎಂದೆ. ಸಿದ್ದಪ್ಪ ಅಲುಗಲಿಲ್ಲ. "ಹಾಸಿದ ಕಂಬಳಿ ಹಂಗ ಮಡಚಾಕ ಬರೂದಿಲ್ರಿ ನಮ್ಮ ಮನಿತನದಾಗ. ಕರದವರು ಬಂದು ಕುಂಡ್ರಬೇಕು, ಮಾತ ಕೇಳಬೇಕು, ಆಮ್ಯಾಲ ಮಡಚೂದು. ಹತ್ತ ಹೆಜ್ಜಿ ಐತಿ, ಅವರನ್ನ ಕರ್ಕೊಂಡ ಬರ್ರಿ."

ಯಲ್ಲವ್ವ ಮಾತ್ರ ನನ್ನನ್ನು ಬಿಡಲಿಲ್ಲ. "ಎಷ್ಟನೇತ್ತ ಓದೀರಿ, ಮಾಸ್ತರ್ರ?"

"ಹದಿನಾರು ವರ್ಷ, ಯಲ್ಲವ್ವ."

"ಹದಿನೇಳನೇದ್ದಕ್ಕ ಜಾಗಾ ಓದೂದು ಕಲಸ್ತಿದ್ರೇನು? ಒಂದ ವರ್ಷ ಮೊದಲ ಬಿಟ್ಟ ಬಂದ್ರಿ ನೋಡ್ರಿ."

ದಾಯಾದಿಗಳು ನಕ್ಕರು. ನಾನು ಮತ್ತೆ ಸಭಾಗೃಹಕ್ಕೆ ಓಡಿದೆ. ಬೀಗ ಬಿದ್ದಿತ್ತು. ಕಟ್ಟೆಯ ಮೇಲೆ ಖಾರಿಯ ಚೂರನ್ನು ಇರುವೆಗಳು ಎಳೆದೊಯ್ಯುತ್ತಿದ್ದವು. ಆ ದಿನ ಆ ಸಭೆಯಿಂದ ಏನನ್ನಾದರೂ ಪಡೆದ ಜನರೆಂದರೆ ಅವೇ.

ಇಳಿಹೊತ್ತಿನವರೆಗೆ ಅವರು ಕಾದರು. ನೆರಳು ಕಂಬಳಿಯನ್ನು ದಾಟಿ ಡೋಣಿಗೆ ಹೋಯಿತು. ಕೊನೆಗೆ ಸಿದ್ದಪ್ಪ ನನ್ನ ಕಡೆ ತಿರುಗಿ, "ಯಾರಾರ ಒಬ್ಬರು ಕುಂಡ್ರಬೇಕಲ್ರಿ. ನೀವ ಕುಂಡ್ರಿ," ಎಂದ. ನಾನು ಹಿಂಜರಿದೆ. "ಕುಂಡ್ರಿ, ಮಾಸ್ತರ್ರ. ಊರಿಗೆ ಹೋಗೂದೈತಿ."

ಕೂತೆ. ಅವನು ತಲೆಯ ಪಟಕ ಸರಿಮಾಡಿಕೊಂಡು, ನನ್ನ ಮುಖ ನೋಡದೆ, ನನ್ನ ಹಿಂದೆ ಯಾರೋ ಇರುವಂತೆ ನೇರವಾಗಿ ಹೇಳಿದ: "ಸರಕಾರ, ಬಾಗಾ ಮಾಡ್ರಿ. ಬ್ಯಾಡ ಅನ್ನೂದಿಲ್ಲ. ಹುಡುಗೋರು ಆಡಲಿ. ಬೇಲಿನೂ ಹಾಕ್ರಿ. ಬಾವಿ ಕಡೆ ಒಂದ ಕುರಿ ಹೋಗೂವಷ್ಟ ದಾರಿ ಬಿಡ್ರಿ. ವರ್ಷಕ್ಕ ಎರಡ ದಿನ. ಇಷ್ಟ ನಮ್ಮ ಮಾತು."

ಅಷ್ಟೇ. ರಜಿಸ್ಟರಿನಲ್ಲಿ ಎರಡು ಸಾಲೂ ತುಂಬುತ್ತಿರಲಿಲ್ಲ. ನಾನು ಎದ್ದೆ, ಯಲ್ಲವ್ವ ಕಂಬಳಿ ಕೊಡವಿ ಮಡಚಿದಳು.

ಮುಂದಿನ ಬೇಸಿಗೆಗೆ ಬಾಗು ಸಿದ್ಧವಾಯಿತು. ಆಕ್ಷೇಪಣೆಯೇ ಬಂದಿಲ್ಲವೆಂದು ಅಧ್ಯಕ್ಷರು ಭಾಷಣ ಮಾಡಿದರು. ಬಾವಿಯ ಬಾಯಿಗೆ ಕಾಂಕ್ರೀಟು ಹಾಕಿ ಅದರ ಮೇಲೆ ಎರಡು ಸಿಮೆಂಟಿನ ಹಂಸಗಳ ಕಾರಂಜಿ ಕೂರಿಸಿದ್ದರು. ಉದ್ಘಾಟನೆಯ ದಿನ ಅವು ಕಾಲು ಗಂಟೆ ನೀರು ಉಗುಳಿದವು. ಆಮೇಲೆ ಇಂದಿನವರೆಗೂ ಬಾಯಿ ಒಣಗಿಸಿಕೊಂಡು ನಿಂತಿವೆ. ಹುಲ್ಲಿನ ಮೇಲೆ ನಡೆಯಬಾರದೆಂಬ ಫಲಕ ಬಂತು, ಹುಲ್ಲು ಬರಲಿಲ್ಲ. ಕುರಿಗಳ ಹಿಕ್ಕೆ ಬೀಳುತ್ತಿದ್ದಷ್ಟು ದಿನ ಫಲಕವಿಲ್ಲದೆಯೂ ಅದು ಬೆಳೆದಿತ್ತು.

ಆ ವರ್ಷ ಸಿದ್ದಪ್ಪ ಹಿಂಡನ್ನು ನದಿಯ ದಂಡೆಯ ಸುತ್ತು ದಾರಿಗೆ ತಿರುಗಿಸಿ, ತಾನೊಬ್ಬನೇ ಬಂದು ಬೇಲಿಯಾಚೆಯಿಂದ ಹಂಸಗಳನ್ನು ನೋಡಿದ. ನಾನು ಏನೋ ಹೇಳಹೊರಟೆ. "ತಾರೀಖು ನೀವು ಬರೋಬ್ಬರಿ ಹೇಳಿದ್ರಿ," ಎಂದ. "ಜಾಗಾ ನಾವ ಕೇಳಲಿಲ್ಲ." ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹೆಗಲ ಮೇಲಿನ ಕಂಬಳಿ ತೆಗೆದು ನನ್ನ ಕೈಗಿಟ್ಟ. "ಇಲ್ಲಿ ಹಾಸೂ ಕೆಲಸ ಮುಗೀತ್ರಿ. ನಿಮ್ಮ ಕಡೆ ಇರಲಿ." ಮತ್ತೆ ಅವನು ಈ ಕಡೆ ಬರಲಿಲ್ಲ. ನಾನು ಸುಳಕೂಡಕ್ಕೆ ಹೋಗಲಿಲ್ಲ. ಎಂಬತ್ತರ ದಶಕದಲ್ಲಿ ಈ ಸೀಮೆಯ ಕುರಿದಾರಿಗಳ ಮೇಲೆ ಒಂದು ದೀರ್ಘ ಲೇಖನವನ್ನೇನೋ ಬರೆದೆ. ಅದರ ಅಡಿಟಿಪ್ಪಣಿಗಳಲ್ಲಿ ತಾರೀಖುಗಳೆಲ್ಲ ಸರಿಯಾಗಿವೆ.

ಆ ಸಮಿತಿಯನ್ನು ಹೀಯಾಳಿಸುತ್ತ ಇಷ್ಟು ವರ್ಷ ಸುಖವಾಗಿ ಕಳೆದಿದ್ದೇನೆ. ಅದು ಆ ಹೀಯಾಳಿಕೆಗೆ ತಕ್ಕದ್ದೇ. ಆದರೆ ಅವರಿಗೆ ಬೇಕಾಗಿದ್ದುದು ಒಂದು ಖಾಲಿ ಸಭಾಗೃಹ. ಅದನ್ನು ಒದಗಿಸಿಕೊಟ್ಟವನು ನಾನು.

ಇವತ್ತು ಬೆಳಿಗ್ಗೆ ಪೆಟ್ಟಿಗೆಯಿಂದ ಕಂಬಳಿ ತೆಗೆದೆ. ಹುಳು ಬೀಳದಂತೆ ಇಟ್ಟ ಬೇವಿನೆಲೆಯ ಘಾಟಿನ ಕೆಳಗೆ ಕುರಿಯ ವಾಸನೆ ಇನ್ನೂ ಇದೆ. ಅದನ್ನೂ ಹಸಿರು ಅಂಚಿನ ಕಾಗದವನ್ನೂ ಹಿಡಿದು ಬಾಗಿಗೆ ಹೋದೆ. ಬೇವಿನ ಕೆಳಗೆ, ಫಲಕದ ಪಕ್ಕದಲ್ಲೇ ಕಂಬಳಿ ಹಾಸಿ, ಅಂಚಿನಾಚೆ ನೆಲದ ಮೇಲೆ ಕೂತೆ. ಚೌಕಗಳನ್ನೆಲ್ಲ ಬಿಟ್ಟು, ಕಾಗದದ ಬೆನ್ನಿಗೆ ಸಿದ್ದಪ್ಪನ ಮಾತನ್ನು ಅವನು ಆಡಿದಂತೆಯೇ ಬರೆದೆ. ಮುಂಬದಿಯ ಕೊನೆಯಲ್ಲಿ, ಎಲ್ಲ ಅರ್ಜಿಗಳಲ್ಲಿರುವಂತೆ, ಸ್ಥಳ ಮತ್ತು ತಾರೀಖು ಎಂದಿತ್ತು. ಸ್ಥಳದ ಮುಂದೆ "ಬೇವಿನ ಮರದ ಕೆಳಗೆ" ಎಂದು ದೊಡ್ಡ ಅಕ್ಷರಗಳಲ್ಲಿ ಬರೆದೆ. ತಾರೀಖಿನ ಜಾಗವನ್ನು ಖಾಲಿ ಬಿಟ್ಟೆ.