ಈ ವರ್ಷ ಗಿಡದ ಪಾಠ ಇಲ್ಲ

ಕೆರಗೋಡಿನ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಮಂಡ್ಯದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಒಂಬತ್ತನೇ ತರಗತಿಯ ಜೀವಶಾಸ್ತ್ರದಲ್ಲಿ ಮೊದಲು ಗಿಡ, ಪ್ರಾಣಿಗಳನ್ನು ಗುಂಪುಗುಂಪಾಗಿ ವಿಂಗಡಿಸುವ ಒಂದು ಪಾಠವಿತ್ತು. ಮಕ್ಕಳ ಬಾಯಲ್ಲಿ ಅದು ಗಿಡದ ಪಾಠ. ಅದು ಬಂದಾಗ ನಾನು ಇಡೀ ತರಗತಿಯನ್ನು ಶಾಲೆಯ ಹಿಂದಿನ ನಾಲೆ ಏರಿಗೆ ಕರೆದುಕೊಂಡು ಹೋಗುತ್ತಿದ್ದೆ. ತೂಬಿನ ಕಲ್ಲಿಗೆ ಹಿಡಿದ ಪಾಚಿ, ಕಲ್ಲಿನ ಸಂದಿಯ ಜರೀಗಿಡ, ಗರಿಕೆ, ತುಂಬೆ. ಪುಸ್ತಕದಲ್ಲಿ ಪುಟಗಟ್ಟಲೆ ಇದ್ದದ್ದು ಅಲ್ಲಿ ನಾಲ್ಕು ಮಾರಿನೊಳಗೆ ಸಿಗುತ್ತಿತ್ತು.

ಕೊರೊನಾ ಕಳೆದ ಮೇಲೆ ಪಠ್ಯದ ಹೊರೆ ಇಳಿಸಿದರು. ಹೊಸ ಪುಸ್ತಕದ ಪರಿವಿಡಿಯಲ್ಲಿ ಆ ಪಾಠ ಇರಲಿಲ್ಲ. ನನಗೆ ಬೇಸರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಾಯೆನಿಸಿತು. ಆ ಪಾಠದ ತುಂಬ ಮಕ್ಕಳ ನಾಲಿಗೆ ಹೊರಳದ ಹೆಸರುಗಳು. ನಾಲೆಯಲ್ಲಿ ನೀರು ಬಿಟ್ಟಿರುವಾಗ ಅಷ್ಟು ಮಕ್ಕಳನ್ನು ಏರಿಯ ಮೇಲೆ ನಡೆಸುವುದೆಂದರೆ ಜೀವ ಕೈಯಲ್ಲಿ ಹಿಡಿದ ಹಾಗೆ.

"ಬುಡಿ ಮೇಡಂ, ಒಂದು ತಲೆನೋವು ಕಮ್ಮಿ ಆಯ್ತು," ಎಂದರು ಹೆಡ್‌ಮೇಷ್ಟ್ರು. ನಾನೂ ನಕ್ಕೆ.

ಆ ವರ್ಷ ಒಂಬತ್ತಕ್ಕೆ ಬಂದವರಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅಕ್ಕ ನನ್ನ ಹಳೆಯ ವಿದ್ಯಾರ್ಥಿನಿ, ಚುರುಕು. ಇವಳು ಓದಿನಲ್ಲಿ ಹಿಂದೆ. ಎಂಟರಲ್ಲಿ ಎಬ್ಬಿಸಿ ನಿಲ್ಲಿಸಿ ಕೇಳಿದರೆ ಡೆಸ್ಕಿನ ಮೇಲೆ ಉಗುರು ಕೆರೆಯುತ್ತಾ ನಿಲ್ಲುತ್ತಿದ್ದಳು. ಅಂಥವಳು ಶಾಲೆ ಶುರುವಾದ ಮೊದಲ ವಾರವೇ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು, ಒಂದು ದಪ್ಪನೆಯ ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟಳು.

"ಏನಮ್ಮ ಇದು?"

"ಒಂಬತ್ರಲ್ಲಿ ಗಿಡದ್ ಪಾಟ ಬತ್ತದೆ, ನಾಲೆ ತಾವ್ಕೆ ಕರ್ಕೊಂಡ್ ಓಯ್ತಾರೆ ಅಂತ ನಮ್ಮಕ್ಕ ಏಳಿದ್ಲು ಮಿಸ್. ಅದ್ಕೇ ರಜದಲ್ಲಿ ಮಾಡ್ದೆ."

ಅಕ್ಕನ ಹಳೆಯ ನೋಟ್‌ಬುಕ್ಕು. ಪುಟಕ್ಕೊಂದರಂತೆ ಒಣಗಿಸಿದ ಗಿಡ, ಅನ್ನದ ಅಗುಳಿನಿಂದ ಅಂಟಿಸಿದ್ದು. ಅಣ್ಣೆ, ಗಣಿಕೆ, ಹೊನಗೊನೆ, ಇನ್ನೂ ನನಗೆ ಗೊತ್ತಿಲ್ಲದ ಎಷ್ಟೋ. ಅಜ್ಜಿಯನ್ನು ಕೇಳಿ ಕೇಳಿ ಹೆಸರು ಬರೆದಿದ್ದಳು. ಅಲ್ಲಲ್ಲಿ ಪೆನ್ಸಿಲಿನಲ್ಲಿ ತಲೆಬರಹಗಳು: 'ಬಸ್ಸಾರಿಗೆ ಆಗೋವು', 'ಕಬ್ಬಿನ ಗದ್ದೇಲಿ ಕೀಳೋವು', 'ದನ ಮೂಸಿ ಬುಡೋವು'.

ನಾನು ನಾಲ್ಕು ಪುಟ ತಿರುವಿದೆ. ಪಕ್ಕದಲ್ಲಿ ಪಾಠಯೋಜನೆ ಅರ್ಧಕ್ಕೆ ನಿಂತಿತ್ತು.

"ಚೆನ್ನಾಗಿದೆ. ಆದ್ರೆ ಈ ವರ್ಷ ಆ ಪಾಠ ತೆಗೆದುಬಿಟ್ಟಿದ್ದಾರೆ ಕಣಮ್ಮ. ಪರೀಕ್ಷೆಗೆ ಬರಲ್ಲ. ಇದಕ್ಕೆ ಹೊತ್ತು ಕಳೀಬೇಡ. ಮೊದಲು ಜೀವಕೋಶದ ಚಿತ್ರ ಬರೆಯೋದು ಕಲಿ."

"ಅಂಗಾರೆ ನಾಲೆ ತಾವ್ಕೂ ಓಗಾಕಿಲ್ವಾ ಮಿಸ್?"

"ಇಲ್ಲ."

ಅವಳು ನೋಟ್‌ಬುಕ್ ಎತ್ತಿಕೊಂಡು ಹೋದಳು. ಅಳಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ಜೀವಕೋಶದ ಚಿತ್ರವನ್ನೂ ಬರೆದು ತಂದಳು. ಆದರೆ ಮುಂದಿನ ಎರಡು ವರ್ಷ ನನ್ನ ತರಗತಿಯಲ್ಲಿ ಕುಳಿತವಳು ತಾನಾಗಿ ಇನ್ನೊಂದು ಮಾತು ಕೇಳಲಿಲ್ಲ. ನಾನೂ ಅದನ್ನು ಗಮನಿಸಲಿಲ್ಲ. ಗಲಾಟೆ ಮಾಡದ ಮಕ್ಕಳ ಕಡೆ ನಮ್ಮ ಕಣ್ಣು ಹೋಗುವುದು ಕಡಿಮೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ಹೇಗೋ ಪಾಸಾಗಿ ಹೋದಳು.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಬೆರಕೆ ಸೊಪ್ಪಿನ ಕಂತೆಯಲ್ಲಿ ಒಂದು ಎಲೆ ಯಾವುದೆಂದು ತಿಳಿಯಲಿಲ್ಲ. ತಟ್ಟನೆ ಆ ತಲೆಬರಹಗಳು ಕಣ್ಣಿಗೆ ಕಟ್ಟಿದವು. ಗಿಡಗಳನ್ನು ನೋಡಿ, ಹೋಲಿಸಿ, ತನ್ನದೇ ಲೆಕ್ಕದಲ್ಲಿ ಗುಂಪು ಮಾಡಿದ್ದಳು ಅವಳು. ಆ ಪಾಠ ಹೇಳಿಕೊಡಬೇಕಾಗಿದ್ದದ್ದೂ ಅಷ್ಟೇ. ಅದನ್ನು ಯಾರೂ ಹೇಳದೆ ಕಲಿತು ಬಂದವಳಿಗೆ ನಾನು ಹೊತ್ತು ಕಳೀಬೇಡ ಅಂದಿದ್ದೆ. ಪಾಠ ತೆಗೆದವರು ಆ ನೋಟ್‌ಬುಕ್ ನೋಡಬೇಡಿ ಎಂದೇನೂ ಬರೆದಿರಲಿಲ್ಲ. ನಾಲೆ ಏರಿಗೆ ಬೀಗವನ್ನೂ ಹಾಕಿರಲಿಲ್ಲ.

ಹೋದ ತಿಂಗಳು ಒಂದು ಸಂಜೆ ಮಂಡ್ಯದಿಂದ ಕೆರಗೋಡಿನ ಕಡೆಗೆ ಆರತಕ್ಷತೆಯೊಂದಕ್ಕೆ ಹೊರಟಿದ್ದಾಗ ಬಸ್ಸಿನಲ್ಲಿ ಅವಳೇ ಸಿಕ್ಕಳು. ಮಂಡ್ಯದಲ್ಲಿ ಪಿಯುಸಿ, ಆರ್ಟ್ಸ್. ಎದ್ದು ನನಗೆ ಸೀಟು ಬಿಟ್ಟಳು. ನಾನು ಸರಿದು ಪಕ್ಕದಲ್ಲೇ ಕೂರಿಸಿಕೊಂಡೆ.

"ನಿನ್ನ ಆ ಗಿಡದ ನೋಟ್‌ಬುಕ್ ಇದೆಯೇನಮ್ಮ? ಒಂದ್ಸಲ ನೋಡ್ಬೇಕಿತ್ತು."

ಅವಳಿಗೆ ನೆನಪಾಗಲು ಕೊಂಚ ಹೊತ್ತು ಬೇಕಾಯಿತು. ನಂತರ ನಕ್ಕಳು. "ಅಯ್ಯೋ, ಅದಾ ಮಿಸ್? ಪರೀಕ್ಸೆಗೆ ಬರಾಕಿಲ್ಲ ಅಂದ್ರಲ್ಲ ನೀವು. ಅವತ್ತೇ ರದ್ದಿಗೆ ಆಕ್ಬುಟ್ಟೆ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಟೀಚರು ಹೇಳಿದ್ದನ್ನು ಕೇಳಿದ್ದಳು, ಅಷ್ಟೆ. ತಪ್ಪು ನನ್ನದು ಕಣಮ್ಮ ಎನ್ನಬೇಕೆಂದು ಬಾಯಿ ತೆರೆದೆ. ಸುತ್ತ ಜನ, ಕಂಡಕ್ಟರ್ ಟಿಕೆಟ್ ಟಿಕೆಟ್ ಎಂದು ನುಗ್ಗಿಕೊಂಡು ಬರುತ್ತಿದ್ದ.

"ಪರೀಕ್ಷೆ ಯಾವಾಗ?" ಎಂದು ಕೇಳಿದೆ.

"ಮುಂದಿನ್ ತಿಂಗ್ಳು ಮಿಸ್. ಬತ್ತೀನಿ," ಎಂದು ಅವಳು ತನ್ನೂರಿನ ಸ್ಟಾಪಿನಲ್ಲಿ ಇಳಿದುಹೋದಳು.